ಗದ್ದೆಯ ಸೊಳ್ಳೆಯಿಂದ ಹಂದಿಗೆ, ಹಂದಿಯಿಂದ ಮಕ್ಕಳಿಗೆ: ಮಿದುಳು ಜ್ವರ ತಡೆಯುವುದು ಹೇಗೆ?

ನಾರಾಯಣಪುರದ ಬಸವಸಾಗರ ಜಲಾಶಯದಿಂದ ಎಡದಂಡೆ ಕಾಲುವೆಗೆ ನೀರು ಬಿಟ್ಟು, ಯಾದಗಿರಿ ಜಿಲ್ಲೆಯ ಸುರಪುರ, ಶಹಾಪುರ ತಾಲ್ಲೂಕುಗಳಲ್ಲಿ ಭತ್ತದ ನಾಟಿ ಮುಗಿಯುವ ಹೊತ್ತಿಗೆ, ಮಡಿಗಳಲ್ಲಿ ನಿಂತ ನೀರು ಕ್ಯೂಲೆಕ್ಸ್ ಜಾತಿಯ ಸೊಳ್ಳೆಗಳು ಮೊಟ್ಟೆಯಿಡುವ ತಾಣವಾಗುತ್ತದೆ. ಜಪಾನೀಸ್ ಎನ್‌ಸೆಫಲೈಟಿಸ್ ಎಂಬ ಮಿದುಳು ಜ್ವರದ ವೈರಾಣುವನ್ನು ಹರಡುವುದು ಈ ಸೊಳ್ಳೆಗಳೇ. ಭಾರತದಲ್ಲಿ ಈ ಕಾಯಿಲೆಯನ್ನು 1955ರಲ್ಲಿ ತಮಿಳುನಾಡಿನ ವೆಲ್ಲೂರಿನಲ್ಲಿ ಮೊದಲು ಗುರುತಿಸಲಾಯಿತು. ಸೋಂಕು ತಗುಲಿದವರಲ್ಲಿ ಸುಮಾರು 250 ಜನರಲ್ಲಿ ಒಬ್ಬರಿಗೆ ಮಾತ್ರ ಅದು ತೀವ್ರವಾಗುತ್ತದೆಯಾದರೂ, ಹಾಗೆ ಮಿದುಳಿಗೆ ಊತ ಬಂದವರಲ್ಲಿ ಶೇ 30ರವರೆಗೂ ಸಾವು ಸಂಭವಿಸಬಹುದು. ವೈರಾಣುವನ್ನು ಕೊಲ್ಲುವ ಔಷಧಿ ಇನ್ನೂ ಇಲ್ಲ. ಆದ್ದರಿಂದ ಇಲ್ಲಿ ಹೇಳುವ ಕೆಲಸಗಳೆಲ್ಲ ಜ್ವರ ಬರುವ ಮೊದಲೇ ಆಗಬೇಕಾದವು.

ವೈರಾಣು ಸಾಗುವ ದಾರಿಯನ್ನು ಮೊದಲು ತಿಳಿದುಕೊಳ್ಳಬೇಕು. ಗದ್ದೆಗೆ ಬರುವ ಬೆಳ್ಳಕ್ಕಿ, ಬಕಗಳ ರಕ್ತದಲ್ಲಿ ಅದು ನೆಲೆಸಿರುತ್ತದೆ. ಅವುಗಳನ್ನು ಕಚ್ಚಿದ ಸೊಳ್ಳೆ ಹಂದಿಯನ್ನು ಕಚ್ಚಿದರೆ, ಹಂದಿಯ ಮೈಯಲ್ಲಿ ವೈರಾಣು ಕೆಲವೇ ದಿನಗಳಲ್ಲಿ ವಿಪರೀತ ಹೆಚ್ಚಿ, ಅದರ ರಕ್ತ ಹೀರಿದ ಇತರ ಸೊಳ್ಳೆಗಳಿಗೂ ದಾಟುತ್ತದೆ. ಆ ಸೊಳ್ಳೆಗಳು ಕಚ್ಚಿದಾಗ ಮಕ್ಕಳಿಗೆ ಸೋಂಕು ತಗುಲುತ್ತದೆ. ಆಕಳು, ಎಮ್ಮೆಗಳನ್ನು ಈ ಸೊಳ್ಳೆಗಳು ಬಹಳವಾಗಿ ಕಚ್ಚಿದರೂ ಅವುಗಳಿಂದ ವೈರಾಣು ಮುಂದಕ್ಕೆ ಹೋಗುವುದಿಲ್ಲ, ಮನುಷ್ಯರಿಂದಲೂ ಹೋಗುವುದಿಲ್ಲ. ರೋಗಿಯನ್ನು ಮುಟ್ಟುವುದರಿಂದ ಕಾಯಿಲೆ ಅಂಟದು ಎಂಬುದನ್ನು ಊರಿನವರಿಗೆ ತಿಳಿಸಿ ಹೇಳಲೇಬೇಕು, ಏಕೆಂದರೆ ಭಯದಿಂದ ರೋಗಿಯ ಮನೆಯನ್ನು ದೂರವಿಡುವುದು ಆ ಕುಟುಂಬಕ್ಕೆ ಎರಡನೆಯ ಕಷ್ಟ.

ಮಳೆಗಾಲಕ್ಕೆ ಮುನ್ನ ಮನೆಯ ಮಕ್ಕಳ ತಾಯಿ ಕಾರ್ಡ್ ತೆಗೆದು ನೋಡಿ. ರೋಗದ ಅಪಾಯವಿರುವ ಜಿಲ್ಲೆಗಳಲ್ಲಿ ಸರ್ಕಾರ ಈ ಲಸಿಕೆಯ ಮೊದಲ ಡೋಸನ್ನು 9 ತಿಂಗಳು ತುಂಬಿದಾಗ, ಎರಡನೆಯದನ್ನು 16ರಿಂದ 24 ತಿಂಗಳೊಳಗೆ ಉಚಿತವಾಗಿ ನೀಡುತ್ತದೆ. 2022ರ ಡಿಸೆಂಬರ್‌ನಲ್ಲಿ ಕಲಬುರಗಿ ಸೇರಿದಂತೆ ರಾಜ್ಯದ 10 ಜಿಲ್ಲೆಗಳಲ್ಲಿ 1ರಿಂದ 15 ವರ್ಷದ ಮಕ್ಕಳಿಗಾಗಿ ಲಸಿಕಾ ಅಭಿಯಾನ ಆರಂಭವಾಗಿತ್ತು. ಕಾರ್ಡಿನಲ್ಲಿ ಈ ಲಸಿಕೆಯ ನಮೂದು ಇಲ್ಲದಿದ್ದರೆ ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೋ ಕೇಳಿ. ದುಡಿಮೆಗಾಗಿ ಬೆಂಗಳೂರು, ಮುಂಬೈಗೆ ಹೋಗಿ ಮರಳಿದ ಕುಟುಂಬಗಳ ಮಕ್ಕಳು ತಪ್ಪಿಹೋಗುವುದು ಸುಲಭ.

ಇನ್ನು ಗದ್ದೆಯ ಕೆಲಸ. ಬೇಸಿಗೆಯ ಶಾಖ ಉಳಿದಿರುವ ನೀರಿನಲ್ಲಿ ಮೊಟ್ಟೆಯೊಂದು ಹಾರುವ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು. ಆದ್ದರಿಂದ ವಾರಕ್ಕೊಮ್ಮೆ ಮಡಿಯ ನೀರು ಪೂರ್ತಿ ಇಂಗಿ, ನೆಲ ಕಾಣುವವರೆಗೆ ಬಿಟ್ಟು ಮತ್ತೆ ನೀರು ಕಟ್ಟಿದರೆ ಮರಿಗಳು ಸೊಳ್ಳೆಯಾಗುವ ಮೊದಲೇ ಸಾಯುತ್ತವೆ. ಹೂ ಬಿಡುವ ಹಂತದಲ್ಲಿ ಮಾತ್ರ ಗದ್ದೆ ಒಣಗಲು ಬಿಡಬಾರದು. ವಾರಬಂದಿಯಲ್ಲಿ, ಅಂದರೆ ಸರದಿಯಂತೆ, ಕಾಲುವೆ ನೀರು ಪಡೆಯುವ ಕೊನೆ ಭಾಗದ ರೈತರಿಗೆ, ಮತ್ತೆ ನೀರು ಬರುತ್ತದೋ ಇಲ್ಲವೋ ಎಂಬ ಆತಂಕದಿಂದ ಮಡಿ ತುಂಬಿಸಿಡುವುದು ಸಹಜವೇ. ಆದರೆ ಒಬ್ಬರ ಹೊಲ ಒಣಗಿಸಿ ಪಕ್ಕದ್ದು ತುಂಬಿದ್ದರೆ ಪ್ರಯೋಜನ ಕಡಿಮೆಯಾದ್ದರಿಂದ, ಒಂದೇ ತೂಬಿನ ಕೆಳಗಿನವರು ಕೂಡಿ ದಿನ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಬೇವಿನ ಹಿಂಡಿ ಹಾಕುವುದರಿಂದಲೂ ಮರಿಗಳು ಕಡಿಮೆಯಾಗುತ್ತವೆ. ನೀರು ಸದಾ ನಿಲ್ಲುವ ಹೊಂಡಗಳಿಗೆ ಗಪ್ಪಿ ಮೀನು ಬಿಡಬಹುದು.

ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವುದು ಹಂದಿಗೂಡು. ಹಂದಿಗಳನ್ನು ಜನವಸತಿಯಿಂದ 4–5 ಕಿಲೋಮೀಟರ್ ದೂರದಲ್ಲಿ ಸಾಕಬೇಕೆಂಬ ಸಲಹೆ ಸರಿಯಾದುದೇ, ಆದರೆ ಸಣ್ಣ ಸಾಕಣೆದಾರರಿಗೆ ಅಷ್ಟು ದೂರದಲ್ಲಿ ಜಾಗ ಸಿಗುವುದು ಕಷ್ಟ. ಹಂದಿ ಸಾಕುವವರ ಬದುಕನ್ನು ಕಿತ್ತುಕೊಳ್ಳದೆ ಮಾಡಬಹುದಾದ ಕೆಲಸವಿದೆ: ಹಂದಿಗಳನ್ನು ಬೀದಿಯಲ್ಲಿ ಬಿಡದೆ ಗೂಡಿನಲ್ಲಿರಿಸಿ, ಸಂಜೆಗೆ ಮುಂಚೆಯೇ ಗೂಡಿನ ಸುತ್ತ ಸಣ್ಣ ಕಣ್ಣಿನ ಸೊಳ್ಳೆ ಬಲೆ ಇಳಿಬಿಡಬೇಕು. ಪಂಚಾಯಿತಿಯು ಬಲೆಯ ಖರ್ಚು ಭರಿಸಿದರೆ ಇಡೀ ಊರಿಗೇ ಲಾಭ. ಗಬ್ಬದ ಹಂದಿ ಕಂದು ಹಾಕಿದರೆ (ಗರ್ಭಪಾತವಾದರೆ), ಸತ್ತ ಅಥವಾ ಒಣಗಿ ಮುರುಟಿದ ಮರಿಗಳನ್ನು ಈದರೆ, ಅದನ್ನು ಮನೆಯ ನಷ್ಟವೆಂದು ಮುಚ್ಚಿ ಮಣ್ಣುಮಾಡಬೇಡಿ. ಬೇರೆ ಸೋಂಕುಗಳಿಂದಲೂ ಹೀಗಾಗಬಹುದಾದ್ದರಿಂದ ಪರೀಕ್ಷೆ ಬೇಕು. ವೈರಾಣು ಊರಿನಲ್ಲಿ ಸುತ್ತುತ್ತಿದೆ ಎಂಬುದರ ಸೂಚನೆಯೂ ಅದಾಗಿರಬಹುದು. ಕಂದನ್ನು ಬರಿಗೈಯಲ್ಲಿ ಮುಟ್ಟದೆ, ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ ಇಲ್ಲವೇ ಪಶು ಆಸ್ಪತ್ರೆಗೆ ತಿಳಿಸಿ. ಆಶಾ ಕಾರ್ಯಕರ್ತೆಗೂ ಅದೇ ದಿನ ಹೇಳಿ.

ಈ ಸೊಳ್ಳೆ ಮುಸ್ಸಂಜೆಯಿಂದ ಬೆಳಗಿನವರೆಗೆ, ಹೆಚ್ಚಾಗಿ ಮನೆಯ ಹೊರಗೆ ಕಚ್ಚುತ್ತದೆ. ಸೆಕೆಗೆ ಕಟ್ಟೆಯ ಮೇಲೆ, ಮಾಳಿಗೆಯ ಮೇಲೆ ಮಲಗುವ ಮಕ್ಕಳಿಗೆ ಅಲ್ಲಿಯೇ ಪರದೆ ಕಟ್ಟಬೇಕು, ತೋಳು ಕಾಲು ಮುಚ್ಚುವ ಬಟ್ಟೆ ತೊಡಿಸಬೇಕು.

ಇಷ್ಟಾಗಿಯೂ ಮಗುವಿಗೆ ಹಠಾತ್ ಜ್ವರದ ಜೊತೆ ವಾಂತಿ, ತೀವ್ರ ತಲೆನೋವು, ಕುತ್ತಿಗೆ ಬಿಗಿತ, ಮಂಕು ಅಥವಾ ಫಿಟ್ಸ್ ಕಂಡರೆ ಬೆಳಗಾಗಲೆಂದು ಕಾಯಬೇಡಿ. ಫಿಟ್ಸ್ ಬಂದಾಗ ಪಕ್ಕಕ್ಕೆ ಮಲಗಿಸಿ, ಬಾಯಿಗೆ ಚಮಚ, ನೀರು ಏನನ್ನೂ ಹಾಕದೆ, 108ಕ್ಕೆ ಕರೆ ಮಾಡಿ ಯಾದಗಿರಿಯ ಜಿಲ್ಲಾಸ್ಪತ್ರೆಗೋ ಕಲಬುರಗಿಯ ಜಿಮ್ಸ್ ಆಸ್ಪತ್ರೆಗೋ ಕರೆದೊಯ್ಯಿರಿ. ರಕ್ತ ಅಥವಾ ಬೆನ್ನುಹುರಿಯ ದ್ರವದ ಪರೀಕ್ಷೆಯಿಂದ ಕಾಯಿಲೆ ಖಚಿತವಾಗುತ್ತದೆ. ಬೆನ್ನಿನಿಂದ ದ್ರವ ತೆಗೆಯುವುದಕ್ಕೆ ಹೆದರಿ ಬೇಡವೆನ್ನಬೇಡಿ. ಗುಣವಾಗಿ ಮನೆಗೆ ಬಂದ ಮಗುವಿನ ಮಾತು, ನಡಿಗೆ, ಓದಿನಲ್ಲಿ ವ್ಯತ್ಯಾಸ ಕಂಡರೆ ವೈದ್ಯರು ಹೇಳಿದ ವ್ಯಾಯಾಮ ಚಿಕಿತ್ಸೆಯನ್ನು ತಿಂಗಳುಗಟ್ಟಲೆ ಮುಂದುವರಿಸಬೇಕಾಗುತ್ತದೆ, ಶಾಲೆಯ ಶಿಕ್ಷಕರಿಗೂ ವಿಷಯ ತಿಳಿಸಿರಬೇಕು.