ಟ್ರಾಯ್‌ಗೆ ಬಂದ ಹೊಸಬರಿಗೆ: ನಮ್ಮ ಕ್ಷೇತ್ರ ಯಾವುದು, ಶಾಸಕರು ಯಾರು?

ಮಿಷಿಗನ್ನಿನ ಟ್ರಾಯ್‌ನಲ್ಲಿ ಬಂದಿಳಿದ ಮೊದಲ ತಿಂಗಳು ಮನೆ, ಕಾರು, ಮಕ್ಕಳ ಶಾಲೆ ಎಂಬ ಗಡಿಬಿಡಿಯಲ್ಲಿ ಶಾಸಕರ ಗೊಡವೆ ಯಾರಿಗೂ ಬೇಕಿರುವುದಿಲ್ಲ. ಆದರೆ ಹತ್ತು ವರ್ಷದಿಂದ ಇಲ್ಲಿರುವ ನಮ್ಮವರನ್ನು ಕೇಳಿದರೂ ಅನೇಕರು ಗವರ್ನರ್ ಹೆಸರು ಹೇಳಿ ಸುಮ್ಮನಾಗುತ್ತಾರೆ. ಊರಿನಲ್ಲಿ ಪಕ್ಕದ ತಾಲ್ಲೂಕಿನ ಎಂಎಲ್‌ಎಯ ಜಾತಕವನ್ನೂ ಬಲ್ಲ ನಾವು ಇಲ್ಲಿ ಹೀಗಾಗುವುದು ಶೋಭೆಯಲ್ಲ.

ರಚನೆ

ಶಾಸನಸಭೆ ಇರುವುದು ರಾಜಧಾನಿ ಲ್ಯಾನ್ಸಿಂಗ್‌ನಲ್ಲಿ. ಕೆಳಮನೆಯಾದ ಹೌಸ್‌ಗೆ 110 ಸದಸ್ಯರು, ಅವಧಿ ಎರಡು ವರ್ಷ. ಮೇಲ್ಮನೆಯಾದ ಸೆನೆಟ್‌ಗೆ 38 ಸದಸ್ಯರು, ಅವಧಿ ನಾಲ್ಕು ವರ್ಷ. ನಮ್ಮ ವಿಧಾನ ಪರಿಷತ್ತಿನಲ್ಲಿರುವಂತೆ ನಾಮನಿರ್ದೇಶನವಾಗಲಿ ಪದವೀಧರ ಕ್ಷೇತ್ರವಾಗಲಿ ಇಲ್ಲಿಲ್ಲ. ಸೆನೆಟ್‌ಗೂ ಜನರೇ ನೇರವಾಗಿ ಮತ ಹಾಕುತ್ತಾರೆ.

41ನೇ ಕ್ಷೇತ್ರದ ಕಥೆ

ನಮ್ಮಲ್ಲಿ ಹಳಬರ ಬಾಯಲ್ಲಿ ಇಂದಿಗೂ ಇರುವುದು ಟ್ರಾಯ್ ಮೊದಲು ಸೇರಿದ್ದ ಹೌಸ್‌ನ 41ನೇ ಕ್ಷೇತ್ರ. ಬಹುಕಾಲ ಇದು ರಿಪಬ್ಲಿಕನ್ ಪಕ್ಷದ ಭದ್ರಕೋಟೆಯಾಗಿತ್ತು. 1998ರವರೆಗೆ ಶರ್ಲಿ ಜಾನ್ಸನ್, ಆಮೇಲೆ ಜಾನ್ ಪಪ್ಪಜಾರ್ಜ್, ನಡುವೆ ಎರಡು ವರ್ಷ ರಾಬರ್ಟ್ ಗೋಸೆಲಿನ್, 2007ರಿಂದ ಮಾರ್ಟಿ ನಾಲೆನ್‌ಬರ್ಗ್, 2013ರಿಂದ 2018ರವರೆಗೆ ಮಾರ್ಟಿನ್ ಹೌರಿಲಾಕ್ ಇಲ್ಲಿಂದ ಆರಿಸಿಬಂದರು. ರಾಜ್ಯ ಸಂವಿಧಾನದ 1992ರ ತಿದ್ದುಪಡಿಯ ಪ್ರಕಾರ ಹೌಸ್‌ನಲ್ಲಿ ಮೂರು ಅವಧಿಗಿಂತ ಹೆಚ್ಚು ಕೂರುವಂತಿರಲಿಲ್ಲವಾದ್ದರಿಂದ ಈ ಸ್ಥಾನ ಮೆಟ್ಟಿಲಿನಂತಾಯಿತು: ಜಾನ್ಸನ್, ಪಪ್ಪಜಾರ್ಜ್, ನಾಲೆನ್‌ಬರ್ಗ್ ಮೂವರೂ ಇಲ್ಲಿಂದಲೇ ಹೋಗಿ ಒಬ್ಬರಾದ ಮೇಲೊಬ್ಬರಂತೆ ಸೆನೆಟ್‌ನ 13ನೇ ಕ್ಷೇತ್ರದಲ್ಲಿ ಕುಳಿತರು. (2022ರ ತಿದ್ದುಪಡಿಯಿಂದ ಈಗ ಎರಡೂ ಮನೆ ಸೇರಿ ಒಟ್ಟು 12 ವರ್ಷ ಇರಬಹುದು.)

2018ರಲ್ಲಿ ಮೆಟ್ಟಿಲೂ ಅಟ್ಟವೂ ಒಟ್ಟಿಗೇ ಅಲುಗಿದವು. ಸೆನೆಟ್‌ನಲ್ಲಿ ನಾಲೆನ್‌ಬರ್ಗ್ ಅವರನ್ನು ಡೆಮಾಕ್ರಾಟ್ ಪಕ್ಷದ ಮ್ಯಾಲರಿ ಮೆಕ್‌ಮಾರೋ ಸೋಲಿಸಿದರು; 41ರಲ್ಲಿ ಅದೇ ಪಕ್ಷದ ಪದ್ಮಾ ಕುಪ್ಪ ಗೆದ್ದರು. ವೃತ್ತಿಯಿಂದ ಮೆಕ್ಯಾನಿಕಲ್ ಎಂಜಿನಿಯರ್ ಆಗಿದ್ದ, ಭಾರತದಿಂದ ಬಂದು ನೆಲೆಸಿದ್ದ ಅವರು ಈ ಶಾಸನಸಭೆಗೆ ಆಯ್ಕೆಯಾದ ಮೊದಲ ಹಿಂದೂ. ಕಾರು ಕಂಪನಿಗಳ ಕೆಲಸಕ್ಕೆಂದು ಬಂದ ನಮ್ಮಂಥವರಿಗೆ ಆ ಗೆಲುವು ಪಕ್ಷಭೇದವಿಲ್ಲದೆ ಮನೆಯ ಮಾತಾಗಿತ್ತು. 2020ರಲ್ಲಿ ಮತ್ತೆ ಗೆದ್ದ ಅವರು, 2022ರಲ್ಲಿ ಸೆನೆಟ್‌ನ 9ನೇ ಕ್ಷೇತ್ರಕ್ಕೆ ನಿಂತು ಮೈಕೆಲ್ ವೆಬರ್ ಎದುರು ಸೋತರು.

ಹೆಮ್ಮೆಯ ಮಾತು ಬಂದದ್ದರಿಂದ ಇನ್ನೊಂದು: 2021–22ರಲ್ಲಿ ಡೆಟ್ರಾಯಿಟ್‌ನ 3ನೇ ಹೌಸ್ ಕ್ಷೇತ್ರವನ್ನು ಪ್ರತಿನಿಧಿಸಿ, 2023ರಲ್ಲಿ ಅಮೆರಿಕದ ಕಾಂಗ್ರೆಸ್ಸಿಗೆ ಹೋದ ಶ್ರೀ ಥಾಣೇದಾರ್ ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಚಿಕ್ಕೋಡಿಯಲ್ಲಿ.

ಮನೆ ಅಲ್ಲೇ, ಸಂಖ್ಯೆ ಬೇರೆ

ಇಲ್ಲಿ ಹತ್ತು ವರ್ಷಕ್ಕೊಮ್ಮೆ ಜನಗಣತಿಯಾದ ಮೇಲೆ ಕ್ಷೇತ್ರಗಳ ಗಡಿ ಬದಲಾಗುತ್ತದೆ. ಮೊದಲು ಗಡಿ ಎಳೆಯುತ್ತಿದ್ದವರು ಶಾಸಕರೇ. 2018ರ ಜನಮತದ ಬಳಿಕ ಆ ಕೆಲಸ 13 ಮಂದಿ ನಾಗರಿಕರ ಆಯೋಗಕ್ಕೆ ಬಂದಿದೆ: ನಾಲ್ವರು ಡೆಮಾಕ್ರಾಟರು, ನಾಲ್ವರು ರಿಪಬ್ಲಿಕನ್ನರು, ಐವರು ಯಾವ ಪಕ್ಷಕ್ಕೂ ಸೇರದವರು. ಆಯೋಗದ ಹೊಸ ನಕ್ಷೆಯಲ್ಲಿ ಟ್ರಾಯ್ ಒಡೆದು, ಒಂದು ಭಾಗ 56ಕ್ಕೂ ಇನ್ನೊಂದು 57ಕ್ಕೂ ಸೇರಿತು. 2022ರಲ್ಲೂ 2024ರಲ್ಲೂ 56ರಿಂದ ಶರಾನ್ ಮೆಕ್‌ಡೊನೆಲ್ ಆಯ್ಕೆಯಾದರು. 41 ಎಂಬ ಸಂಖ್ಯೆ ಈಗ ರಾಜ್ಯದ ಪಶ್ಚಿಮದ ಕಲಮಜೂ ಕಡೆಯದು. ನಮ್ಮ ಫ್ರಿಜ್ಜಿನ ಮೇಲೆ 2023ರಲ್ಲೂ ‘41’ ಎಂದು ಬರೆದ ಚೀಟಿ ಅಂಟಿತ್ತು. ರಸ್ತೆಯ ವಿಚಾರಕ್ಕೆ ಬರೆದ ಪತ್ರವನ್ನು ನಾನು ಕಲಮಜೂವಿನವರಿಗೆ ಕಳಿಸುವುದರಲ್ಲಿದ್ದೆ. ಆದ್ದರಿಂದ ನೆರೆಮನೆಯವರನ್ನು ಕೇಳಬೇಡಿ, ಅವರದು ಬೇರೆ ಕ್ಷೇತ್ರವಿರಬಹುದು. ಶಾಸನಸಭೆಯ ಜಾಲತಾಣದಲ್ಲಿ ನಿಮ್ಮ ವಿಳಾಸವನ್ನೇ ಹಾಕಿ ನೋಡಿ.

ಸಹಿ ಹಾಕುವ ಮುನ್ನ

ಈ ಭಾಗವನ್ನು ದಯವಿಟ್ಟು ಎರಡು ಸಲ ಓದಿ. ಅಮೆರಿಕದ ನಾಗರಿಕರಾಗುವವರೆಗೆ, ಎಚ್-1ಬಿ ಇರಲಿ ಗ್ರೀನ್ ಕಾರ್ಡ್ ಇರಲಿ, ನೀವು ಇಲ್ಲಿನ ಶಾಸಕರಿಗೆ ಮತ ಹಾಕುವಂತಿಲ್ಲ, ಮತದಾರರಾಗಿ ಹೆಸರನ್ನೂ ನೋಂದಾಯಿಸುವಂತಿಲ್ಲ. ಡ್ರೈವಿಂಗ್ ಲೈಸೆನ್ಸಿನ ಕೌಂಟರಿನಲ್ಲಿ ನೋಂದಣಿಯ ಮಾತು ಬಂದರೆ ‘ಆಗಲಿ’ ಎಂದು ತಲೆಯಾಡಿಸಬೇಡಿ. ‘ನಾನು ನಾಗರಿಕನಲ್ಲ’ ಎಂದು ಸ್ಪಷ್ಟವಾಗಿ ಹೇಳಿ.

ನಾನು ಬಂದ ಎರಡನೇ ಬೇಸಿಗೆಯಲ್ಲಿ ಗ್ರಂಥಾಲಯದ ಬಾಗಿಲಲ್ಲಿ ಒಬ್ಬ ಹಿರಿಯರು ದಾರ ಕಟ್ಟಿದ ಪೆನ್ನು, ರಟ್ಟಿಗೆ ಸಿಕ್ಕಿಸಿದ ಸಹಿ ಸಂಗ್ರಹದ ಹಾಳೆ ಹಿಡಿದು ನಗುತ್ತಾ ನಿಂತಿದ್ದರು. ಬಿಸಿಲಲ್ಲಿ ನಿಂತ ಹಿರಿಯರಿಗೆ ಇಲ್ಲವೆನ್ನುವುದು ಹೇಗೆಂದು ಹೆಸರು ಬರೆದು ವಿಳಾಸಕ್ಕೆ ಕೈ ಹಾಕಿದ್ದೆ. ‘ರೀ, ಇದಕ್ಕೆ ಇಲ್ಲಿನ ಮತದಾರರು ಸಹಿ ಹಾಕ್ಬೇಕಂತೆ, ಮೇಲೆ ಓದಿದ್ರಾ?’ ಎಂದು ಹೆಂಡತಿ ಕೇಳಿದಾಗಲೇ ಎಚ್ಚರವಾದದ್ದು. ಬರೆದದ್ದನ್ನು ಹೊಡೆದುಹಾಕಿ ಕ್ಷಮೆ ಕೇಳಿದೆ, ಅವರು ಬೇಸರಿಸಲಿಲ್ಲ. ಎಷ್ಟೋ ವರ್ಷಗಳ ಮೇಲೆ ಪೌರತ್ವದ ಎನ್-400 ಅರ್ಜಿಯಲ್ಲಿ ‘ಎಂದಾದರೂ ಮತದಾರರಾಗಿ ನೋಂದಾಯಿಸಿಕೊಂಡಿದ್ದೀರಾ, ಮತ ಹಾಕಿದ್ದೀರಾ’ ಎಂಬ ಪ್ರಶ್ನೆ ಕಂಡಾಗ, ತಪ್ಪೇನೂ ಮಾಡದಿದ್ದರೂ, ಆ ಪೆನ್ನು ನೆನಪಾಗಿ ಬೆವತುಹೋದೆ. ನಾಗರಿಕರಾಗುವ ಮುನ್ನ ನೋಂದಾಯಿಸಿಕೊಂಡರೆ, ಮತ ಹಾಕಿದರೆ ಪೌರತ್ವ ತಪ್ಪಬಹುದು, ಗಡಿಪಾರೂ ಆಗಬಹುದು. ದಾಕ್ಷಿಣ್ಯಕ್ಕೆ ಬಸುರಾದರು ಎಂಬ ಮಾತು ನಮ್ಮವರಿಗೆಂದೇ ಹುಟ್ಟಿದ್ದು.

ಯಾವುದಕ್ಕೆ ಯಾರು

ವೀಸಾ, ಪಾಸ್‌ಪೋರ್ಟ್: ಕಾಂಗ್ರೆಸ್ ಸದಸ್ಯರ ಕಚೇರಿ.
ರಾಜ್ಯದ ಕಾನೂನು, ನಿರುದ್ಯೋಗ ಭತ್ಯೆ, ಶಾಲೆಗಳಿಗೆ ರಾಜ್ಯದ ಅನುದಾನ: ಹೌಸ್, ಸೆನೆಟ್ ಸದಸ್ಯರು.
ಕಸ, ಬೀದಿಯ ಹಿಮ: ನಗರಾಡಳಿತ.

ಮತವಿಲ್ಲದಿದ್ದರೂ ಶಾಸಕರಿಗೆ ಪತ್ರ ಬರೆಯಲು, ಅವರು ಊರಿನಲ್ಲಿ ನಡೆಸುವ ‘ಕಾಫಿ ಅವರ್’ಗೆ ಹೋಗಲು ಅಡ್ಡಿಯಿಲ್ಲ. ರಾಜ್ಯೋತ್ಸವಕ್ಕೆ ಕರೆದು ಪೇಟ ತೊಡಿಸಿ ಫೋಟೊ ತೆಗೆಸಿಕೊಳ್ಳುವ ನಾವು ಉಳಿದ ದಿನಗಳಲ್ಲಿ ಅವರ ಬಳಿ ಹೋಗುವುದೇ ಇಲ್ಲ. ಹೋಗುವಾಗ ಹಾರ ಬೇಡ. ಸಿಫಾರಸು ಪತ್ರವನ್ನೂ ಕೇಳಬೇಡಿ. ಹೆಸರು, ಬೀದಿ, ವಿಷಯ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಕೊಟ್ಟರೆ ಸಾಕು.