ಎರಡು ಊರಿನ ನಡುವೆ ಒಂದು ಗಾಡಿ

ಶಿವಮೊಗ್ಗದವರನ್ನು ಕೇಳಿದರೆ ಮಾಚೇನಹಳ್ಳಿ ಭದ್ರಾವತಿ ಕಡೆಗಿದೆ ಎನ್ನುತ್ತಾರೆ. ಭದ್ರಾವತಿಯವರು ಅದು ಶಿವಮೊಗ್ಗ ಕಡೆ ಎನ್ನುತ್ತಾರೆ. ಎರಡು ಊರಿನ ನಡುವೆ ಇರುವುದು ಸುಮಾರು 20 ಕಿ.ಮೀ. ದಾರಿ. ಬಿ.ಎಚ್. ರಸ್ತೆಯ ಈ ಮಧ್ಯದ ಜಾಗದಲ್ಲಿ ಹಾಲಿನ ಡೈರಿ, ಮೀಸಲು ಪೊಲೀಸ್ ಬೆಟಾಲಿಯನ್, ಕೈಗಾರಿಕಾ ಪ್ರದೇಶ ಇವೆ. ಅಲ್ಲಿ ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಒಂದು ಫೌಂಡ್ರಿಯಲ್ಲಿ ನಾನು ಸೇಫ್ಟಿ ಆಫೀಸರ್. ಅಕ್ಕಪಕ್ಕದ ಕಾರ್ಖಾನೆಗಳು ಸೇರಿ ಒಂದು ಫೈರ್ ಶೆಡ್, ಒಂದು ಆಂಬುಲೆನ್ಸ್ ಇಟ್ಟುಕೊಂಡ ಕಥೆ ಇದು. ಈಗ ಆ ಗಾಡಿ ಎರಡೂ ಊರಿನ ಕಡೆಗೆ ಓಡುತ್ತದೆ.

ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ 150 ಕೆಲಸಗಾರರಿಗೆ ಒಂದು ಪ್ರಥಮ ಚಿಕಿತ್ಸೆ ಪೆಟ್ಟಿಗೆ ಬೇಕಿತ್ತು. 500ಕ್ಕಿಂತ ಜಾಸ್ತಿ ಜನ ಇದ್ದರೆ ಆಂಬುಲೆನ್ಸ್ ರೂಮ್, ಅಂದರೆ ಗಾಯಾಳುಗಳಿಗೆ ಚಿಕಿತ್ಸೆ ಕೊಡುವ ಕೋಣೆ ಬೇಕಿತ್ತು. ನಮ್ಮ ಸುತ್ತಮುತ್ತಲಿನವೆಲ್ಲ ಸಣ್ಣ ಯೂನಿಟ್‌ಗಳು. ಒಂದೊಂದಾಗಿ ನೋಡಿದರೆ ಯಾರೂ 500 ದಾಟುವುದಿಲ್ಲ. ಕೂಡಿಸಿದರೆ ಎಲ್ಲೋ ಹೋಗುತ್ತದೆ. ಕಾನೂನಿನ ಲೆಕ್ಕದಲ್ಲಿ ಎಲ್ಲರೂ ಸರಿ, ಗಾಡಿ ಮಾತ್ರ ಯಾರ ಹತ್ತಿರವೂ ಇಲ್ಲ. ಇದನ್ನೇ ಹಿಡಿದುಕೊಂಡು ನಾನು ಮ್ಯಾನೇಜರುಗಳ ಹತ್ತಿರ ಹೋದೆ.

ಅಮೆರಿಕದ ಅಗ್ನಿಶಾಮಕ ಠಾಣೆಗಳ ಬಗ್ಗೆ ಓದಿದ್ದೆ. ಅಲ್ಲಿ ಬೆಂಕಿ ಆರಿಸುವವರೇ ಎಷ್ಟೋ ಕಡೆ ಮೊದಲು ರೋಗಿಯ ಹತ್ತಿರ ಹೋಗುತ್ತಾರೆ. ಪಕ್ಕಪಕ್ಕದ ಊರುಗಳು ಒಪ್ಪಂದ ಮಾಡಿಕೊಂಡು ಒಂದೇ ಠಾಣೆಯ ಖರ್ಚು ಹಂಚಿಕೊಳ್ಳುವುದೂ ಇದೆ. ಹತ್ತಿರ ಇರುವ ಗಾಡಿ ಮೊದಲು ಹೊರಡುತ್ತದೆ, ಗಡಿ ಯಾರದು ಎನ್ನುವುದು ಆಮೇಲೆ. ಅಲ್ಲಿನ ಬೆಂಕಿ ಸುರಕ್ಷತಾ ಸಂಸ್ಥೆ ಎನ್‌ಎಫ್‌ಪಿಎಯ 1710 ಎಂಬ ಮಾನದಂಡದಲ್ಲಿ ಮೊದಲ ಗಾಡಿಯ ಪ್ರಯಾಣಕ್ಕೆ ಕೊಟ್ಟಿರುವ ಸಮಯ 240 ಸೆಕೆಂಡ್. ಅಂದರೆ ನಾಲ್ಕು ನಿಮಿಷ. ಭದ್ರಾವತಿಯಿಂದಾಗಲಿ ಶಿವಮೊಗ್ಗದಿಂದಾಗಲಿ ನಾಲ್ಕು ನಿಮಿಷದಲ್ಲಿ ನಮ್ಮ ಗೇಟಿಗೆ ಯಾರು ಬರಲು ಸಾಧ್ಯ ಹೇಳಿ? ಊರೊಳಗಿನ ಟ್ರಾಫಿಕ್ಕಿನಿಂದ ಹೊರಗೆ ಬೀಳುವುದಕ್ಕೇ ಅಷ್ಟು ಹೊತ್ತು ಬೇಕು. ಇದು ಅವರ ತಪ್ಪಲ್ಲ. ನಾವಿರುವ ಜಾಗವೇ ಹಾಗಿದೆ.

ಗಾಡಿ ಬಂದದ್ದು ಸುಲಭವಾಗಿ. ಒಂದು ಯೂನಿಟ್ ವ್ಯಾನ್ ಕೊಟ್ಟಿತು, ಉಳಿದವರು ಸ್ಟ್ರೆಚರ್, ಆಕ್ಸಿಜನ್ ಸಿಲಿಂಡರ್ ಹಾಕಿಸಿದರು. ಆಂಬುಲೆನ್ಸ್‌ಗಳಿಗೆ ಎಐಎಸ್ 125 ಎಂಬ ಮಾನದಂಡವಿದೆ. ಅದರಲ್ಲಿ ಎ, ಬಿ, ಸಿ, ಡಿ ಎಂದು ನಾಲ್ಕು ಬಗೆ. ನಮ್ಮದು ಬಿ, ಅಂದರೆ ರೋಗಿಯನ್ನು ಸಾಗಿಸುವ ಗಾಡಿ. ವೆಂಟಿಲೇಟರ್ ಇರುವ ಡಿ ಬಗೆಯ ಗಾಡಿಯ ಕೆಲಸ ಇದರಿಂದ ಆಗುವುದಿಲ್ಲ ಎಂದು ಮೊದಲೇ ಎಲ್ಲರಿಗೂ ಬಿಡಿಸಿ ಹೇಳಿದೆ. ಹೊರಗೆ ಆಂಬುಲೆನ್ಸ್ ಎಂದು ಬರೆದ ತಕ್ಷಣ ಜನ ಒಳಗೆ ಡಾಕ್ಟರ್ ಇದ್ದಾರೆ ಅಂದುಕೊಳ್ಳುತ್ತಾರೆ, ಅಲ್ವಾ?

ಕಷ್ಟವಾದದ್ದು ನೀರಿನ ಪಾಠ.

ಫೌಂಡ್ರಿಯಲ್ಲಿ ಕರಗಿದ ಕಬ್ಬಿಣ 1,400 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಇರುತ್ತದೆ. ಅದರ ಅಡಿಗೆ ಒಂದು ಲೋಟ ನೀರು ಸಿಕ್ಕಿಕೊಂಡರೂ ಸಾಕು. ನೀರು ಹಬೆಯಾದಾಗ 1,600 ಪಟ್ಟಿಗೂ ಜಾಸ್ತಿ ಹಿಗ್ಗುತ್ತದೆ. ಆ ಹಬೆ ಮೇಲಿನ ಕಬ್ಬಿಣವನ್ನು ಎತ್ತಿ ಎಸೆಯುತ್ತದೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಇದರ ಭಯ ಇನ್ನೂ ಜಾಸ್ತಿ. ಅಂಗಳದಲ್ಲಿ ಬಿದ್ದ ಗುಜರಿ ನೆನೆದಿರುತ್ತದೆ. ಪೈಪಿನ ತುಂಡಿನೊಳಗೆ, ಡಬ್ಬಿಯೊಳಗೆ ನೀರು ನಿಂತಿರುತ್ತದೆ. ಅದನ್ನು ಹಾಗೇ ಫರ್ನೇಸಿಗೆ ಹಾಕಿದರೆ ಮುಗಿಯಿತು. ಜೂನ್ ಬಂತೆಂದರೆ ಗುಜರಿಯನ್ನು ಸೂರಿನಡಿಗೆ ತರಿಸುವುದೇ ನನ್ನ ದೊಡ್ಡ ಜಗಳ.

ಹಾಗಾಗಿ ಫರ್ನೇಸ್ ಹತ್ತಿರ ನೀರು ತರಬೇಡಿ, ಒಣ ಮರಳು ಹಾಕಿ ಎಂದು ಹುಡುಗರಿಗೆ ಹೇಳಿಕೊಟ್ಟೆವು. ಅದೇ ಬಾಯಲ್ಲಿ, ಮೈ ಸುಟ್ಟವನಿಗೆ 20 ನಿಮಿಷ ತಣ್ಣಗಿನ ನೀರು ಬಿಡಿ ಎಂದೂ ಹೇಳಬೇಕಿತ್ತು. ಮೋಲ್ಡಿಂಗ್ ವಿಭಾಗದ ಹಿರಿಯರೊಬ್ಬರು ನಕ್ಕುಬಿಟ್ಟರು. "ಸಾರ್, ಒಂದ್ಸಲ ನೀರು ಹಾಕ್ಬೇಡಿ ಅಂತೀರಿ, ಇನ್ನೊಂದ್ಸಲ ಹಾಕಿ ಅಂತೀರಿ. ಗಾಬರಿಯಲ್ಲಿ ಯಾವ್ದು ನೆನಪಿರುತ್ತೆ ಮಾರಾಯ್ರೇ?" ಅವರು ಕೇಳಿದ್ದು ಸರಿಯಾಗಿಯೇ ಇತ್ತು. ಮಾತಿನಲ್ಲಿ ಹೇಳುವುದನ್ನು ಬಿಟ್ಟು ಜಾಗವನ್ನೇ ಬೇರೆ ಮಾಡಿದೆವು. ಫರ್ನೇಸ್ ಸುತ್ತ ಹಳದಿ ಗೆರೆ. ಗೆರೆಯ ಒಳಗೆ ಮರಳಿನ ಬಕೆಟ್ ಮಾತ್ರ. ನೀರಿನ ಪೈಪ್, ಷವರ್ ಎಲ್ಲ ಗೆರೆಯಿಂದ ಆಚೆ, ಬಾಗಿಲ ಹತ್ತಿರ. ಸುಟ್ಟವನನ್ನು ಮೊದಲು ಗೆರೆ ದಾಟಿಸಿ, ಆಮೇಲೆ ನೀರು. ಐಸ್ ಬೇಡ, ಟೂತ್‌ಪೇಸ್ಟ್ ಬೇಡ, ಇಂಕ್ ಬೇಡ. ಅಂಟಿಕೊಂಡ ಬಟ್ಟೆ ಕೀಳುವುದೂ ಬೇಡ. ಟೂತ್‌ಪೇಸ್ಟ್ ಬಿಡಿಸುವುದು ಮಾತ್ರ ಇವತ್ತಿಗೂ ಪೂರ್ತಿ ಆಗಿಲ್ಲ. ಯಾರೋ ಒಬ್ಬರ ಜೇಬಿನಲ್ಲಿ ಅದು ಇದ್ದೇ ಇರುತ್ತದೆ!

ಎರಡೂ ಊರಿನ ಅಗ್ನಿಶಾಮಕದವರನ್ನು ಒಂದೊಂದು ದಿನ ಕರೆಸಿ ಇದನ್ನೇ ತೋರಿಸಿದೆವು. ಬೆಂಕಿ ಎಂದ ಕೂಡಲೇ ನೀರಿನ ಗಾಡಿ ತರುವವರು ಅವರು. ಯಾವ ಶೆಡ್ಡಿಗೆ ನೀರು ಹೊಡೆಯಬಹುದು, ಯಾವುದಕ್ಕೆ ಹೊಡೆಯಬಾರದು, ಕರೆಂಟು ಎಲ್ಲಿ ತೆಗೆಯಬೇಕು ಎಂದು ಬರೆದ ನಕ್ಷೆ ಈಗ ಗೇಟಿನ ವಾಚ್‌ಮನ್ ಹತ್ತಿರ ಇರುತ್ತದೆ. ಗಾಡಿ ಬಂದರೆ ಅವನು ಮೊದಲು ಕೊಡಬೇಕಾದದ್ದು ಅದನ್ನೇ. ಹೆಸರು, ಟೈಮು ರಿಜಿಸ್ಟರಿನಲ್ಲಿ ಬರೆಯುವುದು ಆಮೇಲೆ.

ಇನ್ನು ರಸ್ತೆಯ ವಿಷಯ. ನಮ್ಮ ಗೇಟಿನ ಮುಂದೆಯೇ ಹೆದ್ದಾರಿ. ಬೈಕು, ಲಾರಿ, ಬಸ್ಸು. ಅಪಘಾತವಾದರೆ ಜನ ಓಡಿ ಬರುವುದು ನಮ್ಮ ಶೆಡ್ಡಿಗೆ. ಕಾರ್ಖಾನೆ ಗಾಡಿ ಹೊರಗೆ ಹೋಗಬಾರದು ಎಂದು ಒಂದಿಬ್ಬರು ಮ್ಯಾನೇಜರುಗಳು ಹಟ ಹಿಡಿದರು. ಪೊಲೀಸ್ ಕೇಸು, ಸಾಕ್ಷಿ ಎಂದೆಲ್ಲ ಅವರ ಭಯ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಸೇರಿದೆ, ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿದವರಿಗೆ ಅದರಲ್ಲಿ ರಕ್ಷಣೆ ಇದೆ ಎಂದು ಪ್ರಿಂಟ್ ತೆಗೆದು ಮೇಜಿನ ಮೇಲಿಟ್ಟೆ. ಕೊನೆಗೆ ಒಪ್ಪಿದರು, ಆದರೆ ಗಡಿ ಹಾಕಿಯೇ ಒಪ್ಪಿದರು. ಶಿವಮೊಗ್ಗದ ಕಡೆ ಮಲವಗೊಪ್ಪ, ಭದ್ರಾವತಿಯ ಕಡೆ ಕಡದಕಟ್ಟೆ. ಅದರಿಂದಾಚೆಗೆ ಊರಿನ ಗಾಡಿಗಳೇ ಬೇಗ ಸಿಗುತ್ತವೆ ಎನ್ನುವ ಲೆಕ್ಕ.

ಯಾವುದೇ ಕರೆ ಬಂದರೂ ಮೊದಲು 108ಕ್ಕೆ ಫೋನ್ ಮಾಡಿಸುತ್ತೇವೆ, ಬೆಂಕಿಯಾದರೆ 101ಕ್ಕೆ. 108ರ ಗಾಡಿ ಹತ್ತಿರದಲ್ಲೇ ಇದ್ದರೆ ನಮ್ಮ ಹುಡುಗರು ರಕ್ತ ನಿಲ್ಲಿಸಿ, ಉಸಿರು ನೋಡಿಕೊಂಡು ಅಲ್ಲೇ ಕಾಯುತ್ತಾರೆ. ದೂರದಲ್ಲಿದ್ದರೆ ನಾವೇ ಹೊರಡುತ್ತೇವೆ. ನಮ್ಮ ಗಾಡಿ ಹೊರಗೆ ಹೋದ ಕ್ಷಣ ವಾಚ್‌ಮನ್ ಶೆಡ್ಡಿನ ಬಾಗಿಲಿಗೆ ಕೆಂಪು ಬೋರ್ಡ್ ಹಾಕಬೇಕು, ಎಲ್ಲ ಯೂನಿಟ್ಟಿಗೂ ಮೆಸೇಜ್ ಹೋಗಬೇಕು. ಅಷ್ಟು ಹೊತ್ತು ಯಾರೂ ಕ್ರೇನಿನಲ್ಲಿ ಭಾರ ಎತ್ತುವ ಹೊಸ ಕೆಲಸ ಶುರು ಮಾಡುವ ಹಾಗಿಲ್ಲ. ಪ್ರೊಡಕ್ಷನ್‌ನವರಿಗೆ ಈ ನಿಯಮ ಕಂಡರೆ ಆಗುವುದಿಲ್ಲ. ನನ್ನ ಮಟ್ಟಿಗೆ ಈ ಇಡೀ ಏರ್ಪಾಟಿನಲ್ಲಿ ಇದೇ ಮುಖ್ಯ. ಹಂಚಿಕೊಂಡ ಗಾಡಿ ಒಬ್ಬರ ಹತ್ತಿರ ಹೋದಾಗ ಉಳಿದವರ ಹತ್ತಿರ ಇರುವುದಿಲ್ಲ. ಇದನ್ನು ಒಪ್ಪಿಕೊಳ್ಳದೆ ಬರೀ ಖರ್ಚು ಹಂಚಿಕೊಂಡರೆ ಏನು ಬಂತು?

ಆಸ್ಪತ್ರೆ ಯಾವುದು ಎನ್ನುವುದನ್ನೂ ಗಾಡಿಯೊಳಗೇ ಬರೆದು ಅಂಟಿಸಿದ್ದೇವೆ. ತಲೆಗೆ ಪೆಟ್ಟು, ದೊಡ್ಡ ಸುಟ್ಟ ಗಾಯ ಆದರೆ ನೇರ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ. ಕೈಬೆರಳು, ಸಣ್ಣ ಮುರಿತ ಆದರೆ ಅವರವರ ಊರಿನ ಕಡೆ. ಇದಕ್ಕೆ ತಕರಾರು ಬರುವುದು ಮನೆಯವರಿಂದ. ಭದ್ರಾವತಿಯ ಹುಡುಗನೊಬ್ಬನ ತಾಯಿ ಫೋನಿನಲ್ಲಿ ಅಳುತ್ತಾ ಕೇಳಿದರು. "ಶಿವಮೊಗ್ಗದಲ್ಲಿ ನಮ್ಮೋರು ಯಾರಿದಾರಪ್ಪ? ಇಲ್ಲಿಗೇ ಕರ್ಕೊಂಡ್ ಬಾ." ಡ್ರೈವರ್‌ಗೆ ಅಂಥ ಹೊತ್ತಲ್ಲಿ ಗಟ್ಟಿ ನಿಲ್ಲುವುದು ಕಷ್ಟ. ಅದಕ್ಕೇ ಈಗ ಮನೆಯವರ ಜೊತೆ ಮಾತಾಡುವ ಕೆಲಸ ಡ್ರೈವರ್‌ದಲ್ಲ. ಆಯಾ ಯೂನಿಟ್ಟಿನ ಎಚ್ಆರ್‌ನವರೇ ಫೋನ್ ಮಾಡಬೇಕು, ಮನೆಯವರನ್ನು ಮೆಗ್ಗಾನ್‌ಗೆ ಕರೆತರಲು ಕಾರನ್ನೂ ಅವರೇ ಕಳಿಸಬೇಕು.

ಡೀಸೆಲ್, ಇನ್ಶೂರೆನ್ಸ್, ಡ್ರೈವರ್ ಸಂಬಳ ಕೆಲಸಗಾರರ ಸಂಖ್ಯೆಯ ಮೇಲೆ ಹಂಚಿಕೆಯಾಗುತ್ತದೆ. ಕಾಂಟ್ರಾಕ್ಟ್ ಕೆಲಸಗಾರರನ್ನೂ ಎಣಿಸಬೇಕು ಎಂದು ನಾನು ಪಟ್ಟು ಹಿಡಿದೆ. ಯಾಕೆಂದರೆ ಕರಗಿದ ಕಬ್ಬಿಣ ಹೊಯ್ಯುವ ಪಾತ್ರೆಯ, ಅಂದರೆ ಲೇಡಲ್ ಹತ್ತಿರ ನಿಲ್ಲುವವರಲ್ಲಿ ಅವರೇ ಜಾಸ್ತಿ. ಹೆದ್ದಾರಿಗೆ ಓಡಿದ ಡೀಸೆಲ್ಲನ್ನು ಯಾರ ತಲೆಗೂ ಹಾಕದೆ ಒಟ್ಟು ಖರ್ಚಿಗೇ ಸೇರಿಸುತ್ತೇವೆ. ರಾತ್ರಿ ಪಾಳಿಗೆ ಎರಡನೇ ಡ್ರೈವರ್ ಬೇಕು ಎನ್ನುವುದನ್ನು ಎಲ್ಲರೂ ಒಪ್ಪಿದ್ದಾರೆ. ರಾತ್ರಿ ಫರ್ನೇಸ್ ನಡೆಸದ ಯೂನಿಟ್ಟುಗಳು ಮಾತ್ರ ಅವನ ಸಂಬಳಕ್ಕೆ ಪಾಲು ಕೊಡಲು ಇನ್ನೂ ಒಪ್ಪಿಲ್ಲ. ಅಲ್ಲಿಯವರೆಗೆ ರಾತ್ರಿ ಗಾಡಿ ಓಡಿಸಲು ಲೈಸೆನ್ಸ್ ಇರುವ ಇಬ್ಬರು ಫಿಟ್ಟರ್‌ಗಳಿಗೆ ತರಬೇತಿ ಕೊಟ್ಟು, ಪಾಳಿಗೊಬ್ಬರಂತೆ ಹಾಕಿಕೊಂಡಿದ್ದೇವೆ.