ಕಂಚಿಯ ಗುಡಿಗಳನ್ನು ಎರಡು ದಿನದಲ್ಲಿ ನೋಡುವ ಕ್ರಮ

ಅಯೋಧ್ಯೆ, ಮಥುರಾ, ಮಾಯಾ, ಕಾಶಿ, ಕಂಚಿ, ಅವಂತಿಕಾ, ದ್ವಾರಾವತಿ ಎಂದು ಹೇಳುವ ಏಳು ಮೋಕ್ಷಪುರಿಗಳಲ್ಲಿ ದಕ್ಷಿಣದಲ್ಲಿರುವುದು ಕಂಚಿಯೊಂದೇ. ಬೆಂಗಳೂರಿನಿಂದ ರಸ್ತೆಯಲ್ಲಿ ಸುಮಾರು 275 ಕಿಲೋಮೀಟರ್ ದೂರವಿರುವ ಈ ಊರಿಗೆ ಬಹಳ ಮಂದಿ ತಿರುಪತಿಯಿಂದ ಮರಳುವಾಗ ಅರ್ಧ ದಿನ ಮಾತ್ರ ಇಟ್ಟುಕೊಂಡು ಬರುತ್ತಾರೆ; ಮಧ್ಯಾಹ್ನದ ಹೊತ್ತಿಗೆ ತಲುಪಿ, ಮುಚ್ಚಿದ ಬಾಗಿಲುಗಳನ್ನು ನೋಡಿ, ರೇಷ್ಮೆ ಸೀರೆಯೊಂದನ್ನು ಕೊಂಡು ಹಿಂದಿರುಗುತ್ತಾರೆ. ಇಲ್ಲಿನ ಬಹುತೇಕ ಗುಡಿಗಳು ಮಧ್ಯಾಹ್ನ 12ರ ಸುಮಾರಿಗೆ ಮುಚ್ಚಿ ಸಂಜೆ 4ರ ಸುಮಾರಿಗೆ ಮತ್ತೆ ತೆರೆಯುತ್ತವೆ. ಯಾತ್ರೆಯ ಯೋಜನೆಯನ್ನೆಲ್ಲ ಈ ನಾಲ್ಕು ಗಂಟೆಗಳ ಸುತ್ತಲೇ ಹೆಣೆಯಬೇಕು.

ಆದ್ದರಿಂದ ಮೊದಲ ಕೆಲಸವೆಂದರೆ ಹಿಂದಿನ ಸಂಜೆಯೇ ಊರು ಸೇರುವುದು. ರೈಲಿನಲ್ಲಿ ಬರುವವರು ಬೆಂಗಳೂರು–ಚೆನ್ನೈ ಮಾರ್ಗದ ಅರಕ್ಕೋಣಂನಲ್ಲಿ ಇಳಿದರೆ, ಅಲ್ಲಿಂದ ಕಂಚಿಗೆ ಸುಮಾರು 30 ಕಿಲೋಮೀಟರ್ ಮಾತ್ರ. ಬೇಸಿಗೆಯಲ್ಲಿ ಬರಿಗಾಲಿನಲ್ಲಿ ಕಲ್ಲುಚಪ್ಪಡಿಯ ಮೇಲೆ ನಡೆಯುವುದು ಕಷ್ಟವಾದ್ದರಿಂದ ಡಿಸೆಂಬರ್‌ನಿಂದ ಫೆಬ್ರುವರಿಯವರೆಗಿನ ಕಾಲವೇ ಉತ್ತಮ. ಪಂಚೆ ಅಥವಾ ಪ್ಯಾಂಟು, ಸೀರೆ ಅಥವಾ ಸಲ್ವಾರ್ ಎಲ್ಲ ಕಡೆಯೂ ಸಲ್ಲುತ್ತದೆ. ಆಟೊದಲ್ಲಿ ಹೋಗುವವರು ನೋಡಬೇಕಾದ ಗುಡಿಗಳ ಹೆಸರನ್ನು ಒಂದೊಂದಾಗಿ ಹೇಳಿ ಬಾಡಿಗೆಯನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಇಲ್ಲವಾದರೆ ದಾರಿಯಲ್ಲಿ ಸೀರೆ ಅಂಗಡಿಗಳ ಸಂಖ್ಯೆ ಗುಡಿಗಳ ಸಂಖ್ಯೆಯನ್ನು ಮೀರಬಹುದು.

ಮರುದಿನ ಬೆಳಗ್ಗೆ ಊರಿನ ಪಶ್ಚಿಮದ ಅಂಚಿನಲ್ಲಿರುವ ಕೈಲಾಸನಾಥ ದೇವಾಲಯದಿಂದ ಆರಂಭಿಸಬೇಕು. ಬಹುತೇಕರು ಇದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ, ಹಲವರು ಬಿಟ್ಟೇಬಿಡುತ್ತಾರೆ. ನನ್ನ ಮಟ್ಟಿಗೆ ಕಂಚಿಯಲ್ಲಿ ಒಂದೇ ಗುಡಿ ನೋಡಲು ಸಮಯವಿದ್ದರೂ ಅದು ಇದೇ. ಎಂಟನೆಯ ಶತಮಾನದ ಆರಂಭದಲ್ಲಿ ರಾಜಸಿಂಹನೆಂಬ ಬಿರುದಿದ್ದ ಪಲ್ಲವ ದೊರೆ ಎರಡನೆಯ ನರಸಿಂಹವರ್ಮನು ಮರಳುಗಲ್ಲಿನಲ್ಲಿ ಕಟ್ಟಿಸಿದ ಈ ಗುಡಿಯ ಪ್ರಾಕಾರದ ಒಳಗೋಡೆಗೆ ಒರಗಿಕೊಂಡಂತೆ ಸಾಲಾಗಿ ಪುಟ್ಟ ಗೂಡುಗುಡಿಗಳಿವೆ. ಅವುಗಳಲ್ಲಿ ಕೆಲವದರ ಗೋಡೆಗಳಲ್ಲಿ ಹಳೆಯ ಗಾರೆಯ ಮೇಲಿನ ವರ್ಣಚಿತ್ರಗಳ ಚೂರುಗಳು ಇನ್ನೂ ಉಳಿದಿವೆ. ಬೆಳಗಿನ ಓರೆಬಿಸಿಲಿನಲ್ಲಿ ಹಿಂಗಾಲಿನ ಮೇಲೆ ನಿಂತ ಸಿಂಹಗಳ ಕಂಬಗಳು ಸ್ಪಷ್ಟವಾಗಿ ಎದ್ದುಕಾಣುತ್ತವೆ. ಗರ್ಭಗುಡಿಯ ಸುತ್ತ ತೆವಳಿ ದಾಟಬೇಕಾದ ಇಕ್ಕಟ್ಟಾದ ಪ್ರದಕ್ಷಿಣಾ ಮಾರ್ಗವಿದ್ದು, ಅದನ್ನು ದಾಟಿ ಬಂದವರಿಗೆ ಮರುಹುಟ್ಟಿಲ್ಲವೆಂಬ ನಂಬಿಕೆಯಿದೆ. ಮಂಡಿನೋವಿರುವವರು ಮತ್ತು ಮುಚ್ಚಿದ ಜಾಗದಲ್ಲಿ ಉಸಿರುಕಟ್ಟುವವರು ಇದಕ್ಕೆ ಇಳಿಯದಿರುವುದೇ ಲೇಸು.

ಇಲ್ಲಿ ಕನ್ನಡಿಗರು ಕೇಳಿ ನೋಡಬೇಕಾದದ್ದು ಮಂಟಪದ ಕಂಬವೊಂದರ ಮೇಲಿರುವ ಹಳಗನ್ನಡ ಶಾಸನ. ಬಾದಾಮಿ ಚಾಲುಕ್ಯರ ಎರಡನೆಯ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದಾಗ, ಈ ಗುಡಿಯ ಸಂಪತ್ತನ್ನು ಕಂಡು, ಅದನ್ನು ಒಯ್ಯದೆ ದೇವರಿಗೇ ಬಿಟ್ಟುಕೊಟ್ಟನೆಂಬುದು ಅದರ ಸಾರ. ಸೋತ ಊರಿನವರು ಗೆದ್ದವನ ಭಾಷೆಯ ಈ ಬರಹವನ್ನು ಅಳಿಸದೆ ಉಳಿಸಿಕೊಂಡಿದ್ದಾರೆ ಎಂಬುದನ್ನೂ ಗಮನಿಸಬೇಕು. ಅವನ ಕಂಚಿ ವಿಜಯದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ್ದೇ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯ; ಅದನ್ನು ಕಂಡವರಿಗೆ ಕೈಲಾಸನಾಥದ ಪ್ರಾಕಾರದಲ್ಲಿ ನಿಂತಾಗ ಎರಡರ ನೆಂಟಸ್ತನ ತಾನಾಗಿಯೇ ಹೊಳೆಯುತ್ತದೆ. ಇದಕ್ಕೂ ಹಿಂದೆ, ಕಂಚಿಯ ಘಟಿಕಾಸ್ಥಾನವೆಂಬ ವಿದ್ಯಾಕೇಂದ್ರಕ್ಕೆ ಗುರು ವೀರಶರ್ಮನೊಡನೆ ಓದಲು ಬಂದ, ಮುಂದೆ ಕದಂಬ ರಾಜ್ಯ ಕಟ್ಟಿದ ಮಯೂರಶರ್ಮನು ಪಲ್ಲವರ ಕುದುರೆಯಾಳಿನೊಡನೆ ಜಗಳವಾಗಿ ಶಾಸ್ತ್ರ ಬಿಟ್ಟು ಶಸ್ತ್ರ ಹಿಡಿದನೆಂದು ತಾಳಗುಂದದ ಶಾಸನ ಹೇಳುತ್ತದೆ.

ಅಲ್ಲಿಂದ ಒಂಬತ್ತು ಗಂಟೆಯ ಒಳಗೆ ಹೊರಟು ಏಕಾಂಬರೇಶ್ವರಕ್ಕೆ ಬರಬೇಕು. ಎದುರಾಗುವ ಎತ್ತರದ ದಕ್ಷಿಣ ರಾಜಗೋಪುರವನ್ನು 1509ರಲ್ಲಿ ಕಟ್ಟಿಸಿದವನು ಕೃಷ್ಣದೇವರಾಯ. ಪಂಚಭೂತ ಕ್ಷೇತ್ರಗಳಲ್ಲಿ ಇದು ಪೃಥ್ವಿಯದು: ಮಾವಿನ ಮರದ ಅಡಿಯಲ್ಲಿ ಪಾರ್ವತಿ ಮರಳಿನಿಂದ ಲಿಂಗ ಮಾಡಿ ಪೂಜಿಸುತ್ತಿರುವಾಗ ನೆರೆ ಬರಲು, ಅದು ಕೊಚ್ಚಿಹೋಗದಂತೆ ಅವಳು ತಬ್ಬಿ ಹಿಡಿದಳೆಂಬುದು ಸ್ಥಳಪುರಾಣ. ಲಿಂಗ ಮಣ್ಣಿನದಾದ್ದರಿಂದ ನೀರಿನ ಅಭಿಷೇಕ ಪೀಠಕ್ಕೆ ಮಾತ್ರ. ಉದ್ದನೆಯ ಕಂಬಸಾಲಿನ ಮೊಗಸಾಲೆಯಲ್ಲಿ ಸುತ್ತು ಬಂದು, ಹಿಂಬದಿಯ ಮಾವಿನ ಮರವನ್ನು ನೋಡಿಕೊಂಡೇ ಹೊರಬರಬೇಕು.

ಕಂಚಿಯ ಶಿವಾಲಯಗಳಲ್ಲಿ ಅಮ್ಮನವರಿಗೆ ಪ್ರತ್ಯೇಕ ಗರ್ಭಗುಡಿ ಇಲ್ಲದಿರುವುದನ್ನು ಕಂಡು ಅಚ್ಚರಿಪಡಬೇಕಿಲ್ಲ. ಅವೆಲ್ಲಕ್ಕೂ ಸೇರಿ ಒಬ್ಬಳೇ ದೇವಿ, ಕಾಮಾಕ್ಷಿ; ಆದ್ದರಿಂದ ಏಕಾಂಬರೇಶ್ವರನ ನಂತರ ಅವಳ ಗುಡಿಗೆ ಹೋಗುವುದೇ ಕ್ರಮ. ಪದ್ಮಾಸನದಲ್ಲಿ ಕುಳಿತು ಕಬ್ಬಿನ ಬಿಲ್ಲು ಹಿಡಿದ ದೇವಿಯ ಮುಂದೆ ಶ್ರೀಚಕ್ರವಿದೆ, ಕುಂಕುಮಾರ್ಚನೆ ಅದಕ್ಕೇ ನಡೆಯುತ್ತದೆ. ಶುಕ್ರವಾರ ಇಲ್ಲಿನ ಸರದಿ ಸಾಲು ಬಹಳ ಉದ್ದವಾಗುವುದರಿಂದ, ಆ ದಿನ ಬಂದವರು ಕೈಲಾಸನಾಥವನ್ನು ಮರುದಿನಕ್ಕೆ ಇಟ್ಟುಕೊಂಡು ಕಾಮಾಕ್ಷಿಯಿಂದಲೇ ಆರಂಭಿಸಬಹುದು. ಬಾಗಿಲು ಹಾಕುವ ಮುನ್ನ ಸಮಯ ಉಳಿದರೆ ಹತ್ತಿರದಲ್ಲೇ ಇರುವ ಉಲಗಳಂದ ಪೆರುಮಾಳ್ ಗುಡಿಯೊಳಗೆ ಹೋಗಿ, ಬಾದಾಮಿಯ ಗುಹೆಗಳಲ್ಲಿ ಕಂಡ ತ್ರಿವಿಕ್ರಮನು ಇಲ್ಲಿ ಗರ್ಭಗುಡಿಯ ಮಾಳಿಗೆಯವರೆಗೂ ಬೆಳೆದು ನಿಂತಿರುವುದನ್ನು ನೋಡಬಹುದು.

ಮಧ್ಯಾಹ್ನ ಊಟ ಮಾಡಿ ಮಲಗುವುದೇ ಸರಿ. ನಾಲ್ಕಕ್ಕೆ ಎದ್ದು ವೈಕುಂಠ ಪೆರುಮಾಳ್ ಗುಡಿಗೆ ಹೋಗಬೇಕು. ಎರಡನೆಯ ನಂದಿವರ್ಮ ಪಲ್ಲವಮಲ್ಲನು ಕಟ್ಟಿಸಿದ ಈ ಗುಡಿಯಲ್ಲಿ ಕುಳಿತ, ಮಲಗಿದ, ನಿಂತ ವಿಷ್ಣುವಿಗೆ ಒಂದರ ಮೇಲೊಂದರಂತೆ ಮೂರು ಗರ್ಭಗುಡಿಗಳಿವೆ. ಮೇಲಂತಸ್ತುಗಳ ದರ್ಶನ ಎಲ್ಲ ದಿನವೂ ಸಿಗುವುದಿಲ್ಲ. ಸುತ್ತಿನ ಮೊಗಸಾಲೆಯ ಗೋಡೆಯಲ್ಲಿ ಪಲ್ಲವರ ವಂಶದ ಕಥೆಯನ್ನೇ, ಪಟ್ಟಾಭಿಷೇಕ ಮತ್ತು ಯುದ್ಧಗಳ ಸಮೇತ, ಸಾಲು ಸಾಲಾಗಿ ಕೆತ್ತಲಾಗಿದೆ.

ಸಂಜೆಯ ಉಳಿದ ಹೊತ್ತೆಲ್ಲ ವರದರಾಜ ಸ್ವಾಮಿಗೆ ಮೀಸಲಿರಲಿ. ಶಿವಕಂಚಿಯಿಂದ ಮೂರ್ನಾಲ್ಕು ಕಿಲೋಮೀಟರ್ ದೂರದ ವಿಷ್ಣುಕಂಚಿಯಲ್ಲಿರುವ ಈ ಗುಡಿಯ ಮೂಲಮೂರ್ತಿ ಹಸ್ತಿಗಿರಿಯೆಂಬ ಎತ್ತರದ ಮೇಲಿದ್ದು, 24 ಮೆಟ್ಟಿಲು ಹತ್ತಿ ಹೋಗಬೇಕು. ಮೇಲುಕೋಟೆಯಲ್ಲಿ ಚೆಲುವನಾರಾಯಣನನ್ನು ಪ್ರತಿಷ್ಠಾಪಿಸಿದ ರಾಮಾನುಜರು ಯೌವನದಲ್ಲಿ ನಿತ್ಯ ನೀರು ಹೊತ್ತು ಸೇವೆ ಮಾಡಿದ್ದು ಈ ದೇವರಿಗೆ ಎಂದು ಪರಂಪರೆ ಹೇಳುತ್ತದೆ. ದರ್ಶನವಾದ ಕೂಡಲೇ ಹೊರಡದೆ ತೀರ್ಥ, ತುಳಸಿ, ಶಠಾರಿ ಪಡೆದು, ಚಿನ್ನ ಮತ್ತು ಬೆಳ್ಳಿಯ ಹಲ್ಲಿಗಳನ್ನು ಮುಟ್ಟಲು ನಿಂತ ಸಾಲನ್ನು ಸೇರಬೇಕು. ವಿಜಯನಗರ ಕಾಲದ ನೂರು ಕಾಲಿನ ಮಂಟಪದಲ್ಲಿ ಎಣಿಸಿದರೆ ಸಿಗುವುದು 96 ಕಂಬಗಳೇ. ಮೂಲೆಯಲ್ಲಿ ಒಂದೇ ಕಲ್ಲಿನಿಂದ ಬಿಡಿಸಿದ ಸರಪಳಿಯನ್ನು ಬೆಳಕಿರುವಾಗಲೇ ನೋಡಬೇಕು. ಪಕ್ಕದ ಅನಂತಸರಸ್ಸಿನ ನೀರಿನಡಿಯಲ್ಲಿ ಅತ್ತಿಮರದ ವರದನಿದ್ದಾನೆ. 40 ವರ್ಷಕ್ಕೊಮ್ಮೆ ಹೊರತೆಗೆಯುವ ಆ ಮೂರ್ತಿಗೆ 2019ರ ಜುಲೈ 1ರಿಂದ 48 ದಿನ ದರ್ಶನವಿತ್ತು, ಮುಂದಿನದು 2059ರಲ್ಲಿ. ಪ್ರಸಾದದ ಅಂಗಡಿಯಲ್ಲಿ ಮೆಣಸು, ಜೀರಿಗೆ, ಶುಂಠಿ ಹಾಕಿದ ಕಂಚಿ ಇಡ್ಲಿ ಸಿಕ್ಕರೆ ಬಿಡಬಾರದು, ಆದರೆ ಅದು ಬೇಗ ಖಾಲಿಯಾಗುತ್ತದೆ.

ಎರಡನೆಯ ದಿನದ ಬೆಳಗ್ಗೆ ವೇಗವತಿ ನದಿಯಾಚೆಯ ತಿರುಪ್ಪರುತ್ತಿಕುಂಡ್ರಮ್ ಅಂದರೆ ಜಿನಕಂಚಿಗೆ. ಅಲ್ಲಿನ ತ್ರೈಲೋಕ್ಯನಾಥ ಬಸದಿಯ ಸಂಗೀತಮಂಟಪವನ್ನು 1387ರಲ್ಲಿ ಕಟ್ಟಿಸಿದವನು ವಿಜಯನಗರದ ದಂಡನಾಯಕ ಇರುಗಪ್ಪ. ಹಂಪಿಯ ಗಾಣಗಿತ್ತಿ ಬಸದಿಯೂ ಅವನದೇ. ಮಂಟಪದ ಮಾಳಿಗೆಯ ತುಂಬ ತೀರ್ಥಂಕರರ ಜೀವನದ ಬಣ್ಣದ ಚಿತ್ರಗಳಿದ್ದು, ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡಬೇಕಾಗುತ್ತದೆ. ಇಲ್ಲಿಗೆ ಜನ ಬರುವುದು ಕಡಿಮೆಯಾದ್ದರಿಂದ ಬಾಗಿಲು ಮುಚ್ಚಿದ್ದರೆ ಅಕ್ಕಪಕ್ಕದಲ್ಲಿ ವಿಚಾರಿಸಿ, ಬೀಗದ ಕೈ ಇರುವವರನ್ನು ಕರೆಸಿಕೊಳ್ಳಬೇಕು. ಹತ್ತೂವರೆಗೆ ಮುಗಿದರೆ, ಹಿಂದಿನ ದಿನ ಬಿಟ್ಟುಹೋದ ಒಂದು ಗುಡಿಗೆ ಇನ್ನೂ ಒಂದೂವರೆ ಗಂಟೆ ಉಳಿದಿರುತ್ತದೆ.